ಕಥೆ ಹೇಳಿದ ಸ್ಕೂಲ್ ಇನ್‌ಸ್ಪೆಕ್ಟರ್: ಪಂಜೆ ಮಂಗೇಶರಾಯರ ಬದುಕು, ನಮ್ಮೂರ ಮಕ್ಕಳ ಪಾಠ

ಗೌನಿಪಲ್ಲಿ: ನಮ್ಮ ಕಡೆ ಒಂದನೇ ಕ್ಲಾಸಿಗೆ ಸೇರೋ ಮಗು ಹೇಗಿರುತ್ತೆ ಅಂತ ಇಲ್ಲಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆಂಧ್ರದ ಗಡಿ ಹತ್ತಿರದಲ್ಲೇ ಇದೆ. ಬಹಳಷ್ಟು ಮನೆಗಳಲ್ಲಿ ಮಾತು ತೆಲುಗು, ಕೆಲವು ಮನೆಗಳಲ್ಲಿ ಉರ್ದು. ಅಂಗಡಿ ಮುಂದೆ ಐದು ನಿಮಿಷ ನಿಂತರೆ ಎರಡು ಭಾಷೆ ಒಂದೇ ಮಾತಿನಲ್ಲಿ ಬಂದು ಹೋಗುತ್ತವೆ. ಆದರೆ ಶಾಲೆಯೊಳಗೆ ಕಾಲಿಟ್ಟರೆ ಪುಸ್ತಕ ಕನ್ನಡ, ಹಲಗೆ ಮೇಲಿನ ಅಕ್ಷರ ಕನ್ನಡ, ಮೇಷ್ಟ್ರು ಕೇಳೋ ಪ್ರಶ್ನೆ ಕನ್ನಡ. ಮನೆಯಲ್ಲಿ ವಟವಟ ಅಂತ ಮಾತಾಡೋ ಮಗು ಅಲ್ಲಿ ಬಾಯಿ ಮುಚ್ಚಿ ಕೂರುತ್ತೆ. ಮಗು ದಡ್ಡ ಅಂತ ನಾವು ತೀರ್ಮಾನ ಮಾಡಿಬಿಡ್ತೀವಿ.

ಇದೇ ಪರಿಸ್ಥಿತಿಯನ್ನು ನೂರು ವರ್ಷದ ಹಿಂದೆ ಇನ್ನೊಂದು ಜಿಲ್ಲೆಯಲ್ಲಿ ಹತ್ತಿರದಿಂದ ನೋಡಿದ ಒಬ್ಬ ಮೇಷ್ಟ್ರಿದ್ದರು. ಅವರ ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ. ಸಂಬಳ ಕೊಡುತ್ತಿದ್ದ ಸರ್ಕಾರದ ಮಾತು ಇಂಗ್ಲಿಷ್. ಈ ನಾಲ್ಕನ್ನೂ ಮಕ್ಕಳ ಮುಂದೆ ಜಗಳವಿಲ್ಲದೆ ಕೂರಿಸಿದವರು ಪಂಜೆ ಮಂಗೇಶರಾಯರು. ನಾಗರಹಾವಿನ ಹಾಡು ಬರೆದವರು ಅಂದರೆ ಮೂರು ತಲೆಮಾರಿನ ಕನ್ನಡಿಗರಿಗೂ ಥಟ್ಟನೆ ಗೊತ್ತಾಗುತ್ತೆ. ಆದರೆ ಆ ಹಾಡಿನ ಹಿಂದಿದ್ದ ಮನುಷ್ಯನ ಬದುಕು ಅಷ್ಟಾಗಿ ಗೊತ್ತಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸುವ ಎಲ್ಲರೂ ತಿಳಿದುಕೊಳ್ಳಬೇಕಾದ ಬದುಕು ಅದು.

ಬಂಟ್ವಾಳದ ಹುಡುಗ

ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿ ನದಿ ದಂಡೆಯ ಬಂಟ್ವಾಳದಲ್ಲಿ. ತಂದೆ ರಾಮಪ್ಪಯ್ಯ. ಹಿರಿಯರು ಇದ್ದದ್ದು ಈಗಿನ ಸುಳ್ಯದ ಕಡೆಯ ಪಂಜ ಎಂಬ ಊರಿನಲ್ಲಿ. ಊರು ಬಿಟ್ಟು ಬಂದರೂ ಊರ ಹೆಸರು ಮನೆತನದ ಜೊತೆಗೇ ಬಂತು. ಸಾರಸ್ವತ ಬ್ರಾಹ್ಮಣ ಕುಟುಂಬ. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ನಮ್ಮ ಕೋಲಾರ ಮೈಸೂರು ಮಹಾರಾಜರ ಸಂಸ್ಥಾನದಲ್ಲಿತ್ತು. ಕನ್ನಡ ಮಾತಾಡುವ ನಾಡು ಹೀಗೆ ತುಂಡು ತುಂಡಾಗಿದ್ದ ಕಾಲ.

ಬಂಟ್ವಾಳದಲ್ಲಿ ಮೊದಲ ಪಾಠ, ಆಮೇಲೆ ಮಂಗಳೂರಿನಲ್ಲಿ ಓದು. ತಂದೆ ಬೇಗ ತೀರಿಕೊಂಡರು. ಮನೆ ಭಾರ ಓದುವ ಹುಡುಗನ ಹೆಗಲಿಗೆ ಬಿತ್ತು. ಓದು ನಿಲ್ಲಿಸಿ ಸಿಕ್ಕ ಕೆಲಸ ಹಿಡಿಯುವುದು ಆ ಕಾಲದಲ್ಲಿ ಮಾಮೂಲು. ಮಂಗೇಶರಾಯರು ಹಾಗೆ ಮಾಡಲಿಲ್ಲ. ದುಡಿಯುತ್ತಲೇ ಓದಿದರು. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿತು. ಕೆಲಸದಲ್ಲಿದ್ದುಕೊಂಡೇ ಬಿ.ಎ. ಮುಗಿಸಿದರು, ಮದ್ರಾಸಿನ ಸೈದಾಪೇಟೆಗೆ ಹೋಗಿ ಶಿಕ್ಷಕ ತರಬೇತಿಯನ್ನೂ ಪಡೆದರು.

ಅವರ ಕೈಯಲ್ಲಿ ಕಲಿತ ಮಕ್ಕಳಲ್ಲಿ ಒಬ್ಬರು ಮಂಜೇಶ್ವರದ ಗೋವಿಂದ ಪೈ. ಮುಂದೆ ಕನ್ನಡದ ಮೊದಲ ರಾಷ್ಟ್ರಕವಿ ಆದರು. ಪೈಗಳ ಮನೆಮಾತೂ ಕೊಂಕಣಿಯೇ. ಮನೆಯಲ್ಲಿ ಕನ್ನಡ ಆಡದ ಮಗು ಕನ್ನಡದಲ್ಲಿ ಹಿಂದೆ ಬೀಳುತ್ತೆ ಅನ್ನೋ ಮಾತಿಗೆ ಆ ಗುರುವೂ ಶಿಷ್ಯರೂ ಇಬ್ಬರೂ ಉತ್ತರ.

ಮಾಸ್ತಿಗಿಂತ ಮೊದಲೇ ಸಣ್ಣಕಥೆ

ಕೋಲಾರ ಜಿಲ್ಲೆಯವರಾದ ನಮಗೆ ಸಣ್ಣಕಥೆ ಅಂದ ಕೂಡಲೇ ನೆನಪಾಗೋದು ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್. ಆ ಹೆಮ್ಮೆ ಇರಲಿ, ತಪ್ಪಿಲ್ಲ. ಆದರೆ ಮಾಸ್ತಿಯವರು ಬರೆಯಲು ಶುರು ಮಾಡಿದ್ದು 1910ರ ಹೊತ್ತಿಗೆ. ಅದಕ್ಕೂ ಹತ್ತು ವರ್ಷ ಮೊದಲೇ, 1900ರ ಸುಮಾರಿಗೆ, ಮಂಗಳೂರಿನ ಸುವಾಸಿನಿ ಎಂಬ ಪತ್ರಿಕೆಯಲ್ಲಿ ಮಂಗೇಶರಾಯರ ಕಥೆಗಳು ಬಂದವು. ಅದನ್ನು ನಡೆಸುತ್ತಿದ್ದವರು ಬೆನಗಲ್ ರಾಮರಾಯರು. ನನ್ನ ಚಿಕ್ಕತಾಯಿ ಎಂಬ ಅವರ ಕಥೆಯನ್ನು ಹೊಸಗನ್ನಡದ ಮೊದಲ ಸಣ್ಣಕಥೆಗಳ ಸಾಲಿನಲ್ಲಿ ಇಡುತ್ತಾರೆ.

ದೊಡ್ಡವರಿಗಾಗಿ ಕಥೆ ಬರೆಯುತ್ತಾ ಹೋಗಿದ್ದರೆ ಹೆಸರು ಇನ್ನೂ ದೊಡ್ಡದಾಗುತ್ತಿತ್ತೋ ಏನೋ. ಹಳಗನ್ನಡದಲ್ಲೂ ಅವರಿಗೆ ಪಾಂಡಿತ್ಯವಿತ್ತು. ಕೇಶಿರಾಜನ ಶಬ್ದಮಣಿದರ್ಪಣ ಎಂಬ ಹಳೆಯ ವ್ಯಾಕರಣ ಗ್ರಂಥವನ್ನು ಪರಿಷ್ಕರಿಸಿ ಕೊಟ್ಟವರು ಅವರು. ಅಂಥ ಪಂಡಿತರು ಕವಿಶಿಷ್ಯ ಎಂಬ ಹೆಸರಿಟ್ಟುಕೊಂಡು ಇಲಿ, ಕರಡಿ, ಹಾವು, ಗಾಳಿ ಮೇಲೆ ಹಾಡು ಕಥೆ ಬರೆಯಲು ಕೂತರು. ಕವಿ ಅಂತ ಕರೆದುಕೊಳ್ಳಲಿಲ್ಲ, ಕವಿಯ ಶಿಷ್ಯ ಅಂತ ಕರೆದುಕೊಂಡರು ನೋಡಿ. ಆ ಹೆಸರಿನಲ್ಲೇ ಅವರ ಸ್ವಭಾವ ಗೊತ್ತಾಗುತ್ತೆ.

ಇನ್‌ಸ್ಪೆಕ್ಟರ್ ಅಂದರೆ ಭಯ

ಅವರು ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದು ಈ ಬದುಕಿನ ಮುಖ್ಯ ತಿರುವು. ಆಗಿನ ಇನ್‌ಸ್ಪೆಕ್ಟರ್ ಭಯವನ್ನು ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು.

19ನೇ ಶತಮಾನದ ಕೊನೆಯ ಭಾಗದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಎಷ್ಟೋ ಖಾಸಗಿ ಶಾಲೆಗಳಿಗೆ ಸಿಗುವ ಸರ್ಕಾರಿ ಅನುದಾನ ಪರೀಕ್ಷೆಯ ಫಲಿತಾಂಶದ ಮೇಲೆ ನಿಂತಿತ್ತು. ಇನ್‌ಸ್ಪೆಕ್ಟರ್ ಬರಬೇಕು, ಮಕ್ಕಳನ್ನು ಒಬ್ಬೊಬ್ಬರಾಗಿ ಕೇಳಬೇಕು, ಎಷ್ಟು ಮಂದಿ ಪಾಸೋ ಅಷ್ಟು ಹಣ. ಮಗು ತಪ್ಪು ಹೇಳಿದರೆ ಮೇಷ್ಟ್ರ ಅನ್ನಕ್ಕೇ ಕುತ್ತು. ಹಾಗಾಗಿ ಮೇಷ್ಟ್ರು ಮಾಡುತ್ತಿದ್ದದ್ದು ಒಂದೇ ಕೆಲಸ, ಪುಸ್ತಕವನ್ನು ಬಾಯಿಪಾಠ ಮಾಡಿಸೋದು. ಅರ್ಥ ಆಯಿತೋ ಇಲ್ಲವೋ, ಸಾಲು ತಪ್ಪದೆ ಒಪ್ಪಿಸಬೇಕು. ಕಲ್ಪನೆ, ಪ್ರಶ್ನೆ, ನಗು ಇವೆಲ್ಲ ಅಲ್ಲಿ ದುಬಾರಿ ಸಾಮಾನು. ಪದ್ಧತಿ ಮುಂದೆ ಬದಲಾಯಿತು, ಆದರೆ ಅದು ಹಚ್ಚಿದ ಚಾಳಿ ಹೋಗಲಿಲ್ಲ. ನಮ್ಮ ತಾತಂದಿರ ಕಾಲದವರೆಗೂ ಇನ್‌ಸ್ಪೆಕ್ಟರ್ ಬರ್ತಾರೆ ಅಂದರೆ ಶಾಲೆಯೇ ನಡುಗುತ್ತಿತ್ತು.

ಮಂಗೇಶರಾಯರು ಆ ಕುರ್ಚಿಯಲ್ಲಿ ಕೂತು ತದ್ವಿರುದ್ಧ ಕೆಲಸ ಮಾಡಿದರು. ತಪಾಸಣೆಗೆ ಹೋದ ಕಡೆ ಮಕ್ಕಳಿಗೆ ಕಥೆ ಹೇಳುತ್ತಿದ್ದರು, ಹಾಡು ಹಾಡಿಸುತ್ತಿದ್ದರು. ಪಾಠ ಹೀಗೆ ಮಾಡಬೇಕು ಅಂತ ಮೇಷ್ಟ್ರಿಗೆ ವರದಿ ಬರೆದು ಕಳಿಸಿ ಸುಮ್ಮನಾಗುವ ಬದಲು, ತಾವೇ ಮಕ್ಕಳ ಮುಂದೆ ನಿಂತು ಮಾಡಿ ತೋರಿಸುತ್ತಿದ್ದರು. ಶಿಕ್ಷಕರ ತರಬೇತಿ ಶಾಲೆಯಲ್ಲೂ ಕಲಿಸಿದ ಅನುಭವ ಇದಕ್ಕೆ ಕೂಡಿಬಂತು. ಮೇಷ್ಟ್ರಿಗೆ ಬೈದರೆ ಮೇಷ್ಟ್ರು ಮಗುವಿಗೆ ಬೈತಾರೆ, ಮೇಷ್ಟ್ರಿಗೆ ಕಥೆ ಕೊಟ್ಟರೆ ಮೇಷ್ಟ್ರು ಮಗುವಿಗೆ ಕಥೆ ಕೊಡ್ತಾರೆ. ಅವರ ಲೆಕ್ಕ ಇಷ್ಟು ಸರಳ.

ಆದರೆ ಕೊಡೋಕೆ ಕಥೆ ಎಲ್ಲಿದೆ? ಆಗ ಮಕ್ಕಳಿಗೆ ಅಂತ ಇದ್ದ ಕನ್ನಡ ಪುಸ್ತಕಗಳಲ್ಲಿ ನೀತಿ ಮಾತೇ ಹೆಚ್ಚು. ಮಗು ಮತ್ತೆ ಮತ್ತೆ ಬೇಕು ಅಂತ ಹಟ ಮಾಡೋ ಪುಸ್ತಕ ಅಪರೂಪ. ಈ ಕೊರತೆ ತುಂಬೋಕೆ ಮಂಗೇಶರಾಯರು ತಾವೇ ಬರೆದರು, ಬೇರೆಯವರ ಕೈಯಲ್ಲೂ ಬರೆಸಿದರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿ ಮಕ್ಕಳ ಪುಸ್ತಕ ಹೊರತರುವ ಕೆಲಸಕ್ಕೆ ನಿಂತರು. ಬಾಸೆಲ್ ಮಿಶನ್ ಮುದ್ರಣಾಲಯಕ್ಕಾಗಿ ಶಾಲೆ ಮಕ್ಕಳ ಪದ್ಯ ಪುಸ್ತಕಗಳನ್ನು ಸಿದ್ಧಪಡಿಸಿದರು. ಹಳೆಯ ಕಾವ್ಯದ ಪಕ್ಕದಲ್ಲಿ ಹೊಸ ಧಾಟಿಯ ಹಾಡುಗಳು ಮಕ್ಕಳ ಕೈ ಸೇರಿದ್ದು ಹೀಗೆ.

ಮೂರು ಕರಡಿ, ಇಲಿ, ಸಿಗಡಿ

ಅವರು ಕಥೆ ತಂದ ದಾರಿ ನೋಡಿದರೆ ಗಡಿ ಊರಿನವರಾದ ನಮಗೆ ಖುಷಿ ಆಗಬೇಕು. ಸರಕು ಎಲ್ಲಿ ಚೆನ್ನಾಗಿ ಸಿಗುತ್ತೋ ಅಲ್ಲಿಂದ ತಂದು, ನಮ್ಮ ಗಿರಾಕಿಗೆ ಬೇಕಾದ ಹಾಗೆ ಕಟ್ಟಿ ಕೊಡೋ ಅಂಗಡಿಯವರ ಜಾಣ್ಮೆ ಅದು.

ಇಂಗ್ಲಿಷಿನಿಂದ ಮೂರು ಕರಡಿಗಳು ಬಂದವು. ಆ ಕಥೆಯನ್ನು ರಾಬರ್ಟ್ ಸೌದಿ ಎಂಬ ಇಂಗ್ಲೆಂಡಿನ ಕವಿ 1837ರಲ್ಲಿ ಅಚ್ಚು ಹಾಕಿಸಿದ್ದರು. ಅವರ ಕಥೆಯಲ್ಲಿ ಕರಡಿಗಳ ಮನೆಗೆ ನುಗ್ಗೋದು ಒಬ್ಬ ಮುದುಕಿ. ಕೆಲವೇ ವರ್ಷಗಳಲ್ಲಿ ಬೇರೆಯವರು ಮುದುಕಿಯನ್ನು ತೆಗೆದು ಪುಟ್ಟ ಹುಡುಗಿಯನ್ನು ಕೂರಿಸಿದರು. ಆಮೇಲೆ ಅದು ಜಗತ್ತಿನ ಅತಿ ಪ್ರಸಿದ್ಧ ಚಿತ್ರಪುಸ್ತಕಗಳಲ್ಲಿ ಒಂದಾಯಿತು. ಹ್ಯಾಮಲಿನ್ ಊರಿನ ಇಲಿ ಓಡಿಸುವವನ ಕಥೆ ಇಲಿಗಳ ಥಕಥೈ ಆಯಿತು. ಇದೇ ಕಥೆಯನ್ನು ಹಿಡಿದು ಕುವೆಂಪು ಬೊಮ್ಮನಹಳ್ಳಿಯ ಕಿಂದರಿಜೋಗಿ ಬರೆದರು. ಒಂದೇ ಕಥೆ, ಇಬ್ಬರ ಕೈಯಲ್ಲಿ ಎರಡು ಊರಿನದಾಯಿತು.

ತುಳುವಿನಿಂದ ಪಾಡ್ದನದ ವೀರರು ಬಂದರು. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರ ಬಾಯಲ್ಲಿ, ಭೂತಕೋಲದಲ್ಲಿ ಬದುಕಿದ್ದ ಕೋಟಿ ಚೆನ್ನಯರ ಕಥೆಯನ್ನು ಕನ್ನಡದ ಗದ್ಯಕ್ಕೆ ತಂದರು. ಅಗೋಳಿ ಮಂಜಣ ಎಂಬ ತುಳುನಾಡಿನ ಬಲಶಾಲಿಯ ಕಥೆಯನ್ನೂ ಬರೆದರು. ಮನೆಯಲ್ಲಿ ತುಳು ಆಡುವ ಮಗು ಕನ್ನಡ ಪುಸ್ತಕ ತೆರೆದರೆ ತನ್ನ ಅಜ್ಜಿ ಹೇಳಿದ ಮನುಷ್ಯನೇ ಅಲ್ಲಿ ನಿಂತಿರುತ್ತಿದ್ದ. ಆ ಮಗುವಿಗೆ ಶಾಲೆ ಪರದೇಶ ಅನ್ನಿಸೋದು ಹೇಗೆ ಸಾಧ್ಯ?

ಇನ್ನು ಸಿಗಡಿ ಯಾಕೆ ಒಣಗಲಿಲ್ಲ ಎಂಬ ಕಥೆ ಇದೆ. ಒಂದು ಪ್ರಶ್ನೆಗೆ ಉತ್ತರ, ಆ ಉತ್ತರಕ್ಕೆ ಇನ್ನೊಂದು ಪ್ರಶ್ನೆ, ಹೀಗೆ ಸರಪಳಿ ಹಾಗೆ ಹೋಗುತ್ತೆ. ಅಕ್ಷರ ಬಾರದ ಮಗುವೂ ಎರಡನೇ ಕೊಂಡಿ ಹೊತ್ತಿಗೆ ಮೂರನೆಯದನ್ನು ಊಹಿಸೋಕೆ ಶುರು ಮಾಡುತ್ತೆ. ಯಾಕೆ ಅಂತ ಕೇಳೋದು ತಪ್ಪಲ್ಲ ಅನ್ನೋದನ್ನ ಕಥೆಯೇ ಕಲಿಸಿಬಿಡುತ್ತೆ. ಬಾಯಿಪಾಠದ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ.

ಹಾವಿನ ಹಾಡಿನಲ್ಲೂ ಇದೇ ಗುಟ್ಟು. ಅಲ್ಲಿ ಹಾವಿನ ಬಗ್ಗೆ ಪಾಠವಿಲ್ಲ. ಒಂದು ಮಗು ನೇರವಾಗಿ ಹಾವಿನ ಜೊತೆ ಮಾತಿಗೆ ನಿಂತಿದೆ. ಹಾಲು ಕೊಡ್ತೀನಿ ಅನ್ನುತ್ತೆ, ಹೆಡೆ ಬಿಚ್ಚು ಅನ್ನುತ್ತೆ, ತಲೆ ಮೇಲಿನ ರತ್ನದ ಬಗ್ಗೆ, ಸೀಳು ನಾಲಿಗೆ ಬಗ್ಗೆ ವಿಚಾರಿಸುತ್ತೆ. ಕರೆದು ಕರೆದು ಕೊನೆಗೆ ಹೊರಗೆ ಹೋಗು ಅಂತ ಸಾಗಹಾಕುತ್ತೆ. ಆಸೆಯೂ ಇದೆ, ಅಂಜಿಕೆಯೂ ಇದೆ. ಹಾವು ಕಂಡ ಯಾವ ಮಗುವಿನ ಮನಸ್ಸೂ ಹೀಗೇ ಅಲ್ವಾ? ಹಾಡುವಾಗ ಕೈ ತಾನಾಗೇ ಹೆಡೆ ಆಗುತ್ತೆ, ಬೆನ್ನು ಬಾಗುತ್ತೆ. ಪುಸ್ತಕದಲ್ಲಿ ಚಿತ್ರ ಇಲ್ಲದಿದ್ದರೂ ಚಿತ್ರ ಕಣ್ಣಿಗೆ ಕಟ್ಟುತ್ತೆ.

ಕೊಡಗಿನಲ್ಲಿ ಮುಖ್ಯೋಪಾಧ್ಯಾಯ

1920ರ ದಶಕದಲ್ಲಿ ಮಂಗೇಶರಾಯರ ಕೆಲಸ ಕೊಡಗಿಗೆ ಬಂತು. ಅಲ್ಲಿ ಶಾಲೆಗಳ ಮೇಲ್ವಿಚಾರಣೆ ಮಾಡಿದರು, ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಕೊಡಗು ಆಗ ಮದ್ರಾಸಿಗೂ ಸೇರಿರಲಿಲ್ಲ, ಮೈಸೂರಿಗೂ ಸೇರಿರಲಿಲ್ಲ, ಬ್ರಿಟಿಷರ ನೇರ ಆಡಳಿತದ ಪ್ರತ್ಯೇಕ ಪ್ರಾಂತ್ಯ. ಮನೆಮಾತು ಕೊಡವ. ಅಲ್ಲಿಗೆ ಹೊರಗಿನವರಾಗಿ ಹೋದ ಈ ಮೇಷ್ಟ್ರು ಆ ನಾಡಿನ ಮೇಲೆ ಬರೆದ ಹುತ್ತರಿ ಹಾಡು ಕೊಡಗಿನ ಹೆಮ್ಮೆಯ ಹಾಡಾಗಿ ನಿಂತಿತು. ಹುತ್ತರಿ ಅಂದರೆ ಅವರ ಹೊಸ ಭತ್ತದ ಹಬ್ಬ. ಹೋದ ಊರಿನ ಹಬ್ಬ, ಊಟ, ಗುಡ್ಡ, ಮಾತು ಎಲ್ಲವನ್ನೂ ಕಲಿತು ಅದನ್ನೇ ಮಕ್ಕಳಿಗೆ ಹಾಡಾಗಿ ತಿರುಗಿ ಕೊಟ್ಟರು. ವರ್ಗ ಆಗಿ ಬಂದ ಊರನ್ನು ಬಸ್ ಸ್ಟ್ಯಾಂಡ್ ಥರ ನೋಡುವವರಿಗೆ ಇದೊಂದು ಪಾಠ.

ಕೆಲಸದಿಂದ ನಿವೃತ್ತರಾದ ಮೇಲೆ ಗೌರವವೂ ಬಂತು. 1934ರಲ್ಲಿ ರಾಯಚೂರಿನಲ್ಲಿ ನಡೆದ 20ನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ರಾಯಚೂರು ಆಗ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು. ನಮ್ಮ ಜಿಲ್ಲೆಯ ಲೆಕ್ಕವನ್ನೂ ಇಲ್ಲೇ ಹೇಳಿಬಿಡೋಣ. 1929ರ ಬೆಳಗಾವಿ ಸಮ್ಮೇಳನಕ್ಕೆ ಮಾಸ್ತಿ ಅಧ್ಯಕ್ಷರಾಗಿದ್ದರು, 1932ರ ಮಡಿಕೇರಿ ಸಮ್ಮೇಳನಕ್ಕೆ ಮುಳಬಾಗಿಲಿನ ಡಿ.ವಿ. ಗುಂಡಪ್ಪ. ಎರಡೇ ವರ್ಷಕ್ಕೆ ಆ ಪೀಠ ಮಕ್ಕಳಿಗೆ ಬರೆದ ಮೇಷ್ಟ್ರಿಗೆ ಸಂದಿತು. ಮಕ್ಕಳ ಸಾಹಿತ್ಯ ಅಂದರೆ ಮೂಗು ಮುರಿಯುವ ಕಾಲದಲ್ಲಿ ಅದು ದೊಡ್ಡ ಮಾತು.

ಮಂಗೇಶರಾಯರು ತೀರಿಕೊಂಡಿದ್ದು 1937ರ ಅಕ್ಟೋಬರ್ 25ರಂದು, ಹೈದರಾಬಾದಿನಲ್ಲಿ. ಕರಾವಳಿಯಲ್ಲಿ ಹುಟ್ಟಿ, ಕೊಡಗಿನಲ್ಲಿ ದುಡಿದು, ತೆಲುಗು ಉರ್ದು ಆಡುವ ಊರಿನಲ್ಲಿ ಕಣ್ಣು ಮುಚ್ಚಿದರು. 63 ವರ್ಷದ ಬದುಕು. ಅವರು ಬರೆದದ್ದೆಲ್ಲ ಒಟ್ಟಾಗಿ ಸಂಪುಟಗಳಾಗಿ ಬಂದದ್ದು ಅವರು ಹೋಗಿ ಮೂರು ದಶಕಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 1970ರ ದಶಕದಲ್ಲಿ. ಆದರೆ ಮಕ್ಕಳು ಅಷ್ಟು ದಿನ ಕಾಯಲಿಲ್ಲ. ಹಾಡು ಬಾಯಿಂದ ಬಾಯಿಗೆ ಮೊದಲೇ ಬಂದುಬಿಟ್ಟಿತ್ತು.

ನಮ್ಮ ಕ್ಲಾಸ್‌ರೂಮಿನಲ್ಲಿ ಇದರಿಂದ ಏನು ಉಪಯೋಗ?

ಬದುಕಿನ ಕಥೆ ಇಷ್ಟು. ಗೌನಿಪಲ್ಲಿ ಕಡೆ ಒಂದನೇ ಕ್ಲಾಸು, ಎರಡನೇ ಕ್ಲಾಸಿನ ಮೇಷ್ಟ್ರು, ಮೇಡಂಗಳು, ಅಂಗನವಾಡಿ ಕಾರ್ಯಕರ್ತೆಯರು ಇದನ್ನು ನಾಳೆಯೇ ಪ್ರಯೋಗ ಮಾಡಬಹುದು. ದುಡ್ಡಿನ ಖರ್ಚು ಬಹಳ ಇಲ್ಲ. ಮೂರು ಕರಡಿಯ ಚಿತ್ರ ಇರುವ ಯಾವುದಾದರೂ ಒಂದು ಪುಸ್ತಕ ಸಾಕು. ಅದು ಸಿಗದಿದ್ದರೆ ಮಕ್ಕಳಿಗೆ ಇಷ್ಟವಾದ ಬೇರೆ ಯಾವ ಚಿತ್ರಪುಸ್ತಕವಾದರೂ ಆಗುತ್ತೆ.

ಮೊದಲು ಅಕ್ಷರ ಇರೋ ಜಾಗದ ಮೇಲೆ ಒಂದು ಕಾಗದ ಇಟ್ಟು ಮುಚ್ಚಿ. ಚಿತ್ರ ಮಾತ್ರ ತೋರಿಸಿ. ಇದು ಯಾರು ಅಂತ ಕೇಳಿ. ನಮ್ಮ ಕಡೆ ಮಗು ಎಲುಗುಬಂಟಿ ಅನ್ನುತ್ತೆ. ತಪ್ಪು ಅಂತ ಹೇಳಬೇಡಿ. ಸರಿಯಾದ ಉತ್ತರವೇ ಅದು, ಭಾಷೆ ಬೇರೆ ಅಷ್ಟೇ. ಎಲುಗುಬಂಟಿಗೆ ಕನ್ನಡದಲ್ಲಿ ಕರಡಿ ಅಂತಾರೆ ಅಂದರೆ ಒಂದು ಪದದ ಜೊತೆಗೆ ಇನ್ನೊಂದು ಸೇರುತ್ತೆ. ತಪ್ಪು ಅಂದರೆ ಇದ್ದ ಒಂದೂ ಬಾಯೊಳಗೇ ಉಳಿಯುತ್ತೆ. ಮೂರು ಬಟ್ಟಲಿನ ಚಿತ್ರ ಬಂದಾಗ ಅದರಲ್ಲಿ ಏನಿದೆ ಅಂತ ಪುಸ್ತಕದ ಉತ್ತರ ಹೇಳೋ ಮೊದಲು ಮಕ್ಕಳ ಉತ್ತರ ಕೇಳಿ. ನಮ್ಮೂರ ಕರಡಿ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು ಬೇಯುತ್ತಿದ್ದರೆ ಯಾರಿಗೇನು ನಷ್ಟ? ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕರಡಿ ಬಟ್ಟಲ ತುಂಬ ಮಾವಿನ ಹೋಳು ಇಟ್ಟುಕೊಂಡರೂ ಇಟ್ಟುಕೊಳ್ಳಲಿ.

ದೊಡ್ಡ ಕರಡಿ ಮಾತಿಗೆ ದೊಡ್ಡ ಗಂಟಲು, ಮರಿಗೆ ಸಣ್ಣ ಗಂಟಲು. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಕೊನೆಯ ಪುಟಕ್ಕೆ ಮೊದಲು ಪುಸ್ತಕ ಮುಚ್ಚಿ, ಮುಂದೆ ಏನಾಯ್ತು ಅಂತ ಮಕ್ಕಳೇ ಹೇಳಲಿ. ಮೂವತ್ತು ಮಕ್ಕಳು ಮೂವತ್ತು ಕೊನೆ ಹೇಳಿದರೆ ಮೂವತ್ತೂ ಕಥೆಯೇ. ಒಬ್ಬರಿಗೊಂದು ಹಾಳೆ ಕೊಟ್ಟು ತಮ್ಮ ಕೊನೆಯನ್ನು ಚಿತ್ರ ಬಿಡಿಸೋಕೆ ಹೇಳಿ. ಅದರ ಕೆಳಗೆ ಒಂದೇ ಒಂದು ಕನ್ನಡ ಪದ ಬರೆಸಿ. ಅಕ್ಷರ ಕಲಿಕೆ ಅಲ್ಲಿಂದಲೇ ಶುರು.

ಸಮಯ ಎಲ್ಲಿದೆ, ಪಾಠ ಮುಗಿಸಬೇಕಲ್ಲ ಅನ್ನೋ ಮೇಷ್ಟ್ರ ಕಷ್ಟ ಸುಳ್ಳಲ್ಲ. ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳೋ ಶಾಲೆಗಳೂ ಇವೆ. ಆದರೆ ವಾರಕ್ಕೆ ಒಂದು ಪಿರಿಯಡ್ ಕಥೆಗೆ ಬಿಟ್ಟರೆ ಉಳಿದ ಪಿರಿಯಡ್‌ಗಳಲ್ಲಿ ಮಗು ಬಾಯಿ ಬಿಡುತ್ತೆ. ಬಾಯಿ ಬಿಟ್ಟ ಮಗುವಿಗೆ ಪಾಠ ಹೇಳೋದು ಮುಚ್ಚಿಕೊಂಡ ಮಗುವಿಗೆ ಹೇಳೋದಕ್ಕಿಂತ ಸುಲಭ. ಒಂದನೇ ಕ್ಲಾಸಿನಿಂದ ಮೂರರವರೆಗಿನ ನಲಿಕಲಿಯಲ್ಲೂ ಹಾಡು, ಕಥೆ, ಚಿತ್ರಕ್ಕೆ ಜಾಗ ಇದ್ದೇ ಇದೆ.

ಊರವರ ಪಾಲೂ ಇದೆ

ಇದು ಶಾಲೆಯೊಂದರ ಕೆಲಸ ಅಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ ಹಳ್ಳಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡುವ ವ್ಯವಸ್ಥೆ ಆಯಿತು. ನಿಮ್ಮ ಮಗುವಿನ ಹೆಸರು ಅಲ್ಲಿದೆಯಾ ಅಂತ ಒಮ್ಮೆ ಹೋಗಿ ನೋಡಿ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ಮನೆಯಲ್ಲಿ ಅಮ್ಮ ತೆಲುಗಿನಲ್ಲಿ ಹೇಳಿದ ಕಥೆಯನ್ನೇ ಶಾಲೆಯಲ್ಲಿ ಮೇಡಂ ಕನ್ನಡದಲ್ಲಿ ಹೇಳಿದರೆ ಮಗುವಿಗೆ ಅರ್ಧ ಕೆಲಸ ಮನೆಯಲ್ಲೇ ಮುಗಿದಿರುತ್ತೆ.

ಅಂಗಡಿಯವರಿಗೂ ಒಂದು ಮಾತು. ಶಾಲೆ ಶುರುವಾಗೋ ಜೂನ್‌ನಲ್ಲಿ ನೋಟ್‌ಬುಕ್, ಪೆನ್ಸಿಲ್, ಲೇಬಲ್ ಮಾರ್ತೀರಿ. ಆ ಸಾಲಿನಲ್ಲಿ ನಾಲ್ಕು ಚಿತ್ರಪುಸ್ತಕವನ್ನೂ ಮಗುವಿನ ಕಣ್ಣಿಗೆ ಬೀಳೋ ಎತ್ತರದಲ್ಲಿ ನೇತುಹಾಕಿ. ಹುಟ್ಟುಹಬ್ಬಕ್ಕೆ ಚಾಕಲೇಟು ಕೊಳ್ಳೋಕೆ ಬಂದವರು ಅದನ್ನೂ ಒಂದು ತಗೊಂಡು ಹೋಗಬಹುದು. ಶಾಲೆಯಲ್ಲಿ ಪುಸ್ತಕ ಇದ್ದರೆ, ಹರಿದುಹೋಗುತ್ತೆ ಅಂತ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ ಅಂತ ಎಸ್‌ಡಿಎಂಸಿಯವರು ಧೈರ್ಯ ಹೇಳಲಿ. ಮಕ್ಕಳ ಕೈಯಲ್ಲಿ ಹರಿದ ಪುಸ್ತಕ ಕೆಲಸ ಮಾಡಿದ ಪುಸ್ತಕ. ಬೀರುವಿನಲ್ಲಿ ಹೊಸದಾಗೇ ಉಳಿದಿದ್ದು ಗೆದ್ದಲಿಗೆ ಊಟ.

ಮಂಗೇಶರಾಯರ ಹತ್ತಿರ ಬಣ್ಣದ ಪುಸ್ತಕ ಇರಲಿಲ್ಲ, ಮೊಬೈಲ್ ಇರಲಿಲ್ಲ. ಗಂಟಲು ಇತ್ತು, ಕಥೆ ಇತ್ತು, ಎದುರಿಗೆ ಕೂತ ಮಗುವಿನ ಭಾಷೆಯ ಮೇಲೆ ಗೌರವ ಇತ್ತು. ಇವತ್ತು ನಮ್ಮ ಶಾಲೆಗಳಲ್ಲಿ ಪುಸ್ತಕವೂ ಇದೆ. ಈ ಶನಿವಾರ ನಿಮ್ಮ ಮನೆ ಮಗು ಶಾಲೆಯಿಂದ ಬಂದಾಗ ಎಷ್ಟು ಮಾರ್ಕ್ಸ್ ಬಂತು ಅಂತ ಕೇಳೋ ಮೊದಲು, ಇವತ್ತು ಯಾವ ಕಥೆ ಕೇಳಿದೆ ಅಂತ ಕೇಳಿ ನೋಡಿ. ಯಾವ ಭಾಷೆಯಲ್ಲಿ ಹೇಳಿದರೂ ಪೂರ್ತಿ ಕೇಳಿ.